ಏರ್ ರೈಫಲ್‌ಗೆ ಭಾರದ ಸ್ಲಗ್: ಮುಳಗುಂದದ ಹೊಲದಲ್ಲಿ ನಾನು ಕಂಡದ್ದು

ಗದಗ ಜಿಲ್ಲೆಯ ಮುಳಗುಂದದ ಹತ್ತಿರ ನಮ್ಮ ಮಾವನವರ ಯರಿಹೊಲ ಇದೆ. ಕಡಲೆ ಕಿತ್ತ ಮೇಲೆ ಅದು ತಿಂಗಳುಗಟ್ಟಲೆ ಖಾಲಿ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ವಾರಕ್ಕೆ ಆರು ದಿನ ನನ್ನ ಲೇಥ್ ಕೆಲಸ. ಏಳನೆಯ ದಿನ ಬೆಳಕು ಹರಿಯುವ ಮೊದಲೇ ರೈಫಲ್ ಚೀಲ ಹೆಗಲಿಗೇರಿಸಿ ಆ ಹೊಲಕ್ಕೆ ಹೋಗುತ್ತೇನೆ. ನಮ್ಮ ಸೀಮೆಯ ಗಾಳಿ ಎಂಥದ್ದು ಎಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕಪ್ಪತಗುಡ್ಡದ ಸಾಲಿನಲ್ಲಿ ನಿಂತ ಗಾಳಿಯಂತ್ರಗಳನ್ನು ನೋಡಿದರೆ ಸಾಕು. ನನ್ನನ್ನು ಸ್ಲಗ್ ಎಂಬ ಗಟ್ಟಿ ಸೀಸದ ಗುಂಡಿನ ಕಡೆ ತಿರುಗಿಸಿದ್ದು ಆ ಗಾಳಿಯೇ.

ನನ್ನದು 4.5 ಮಿ.ಮೀ. ಪಿಸಿಪಿ ರೈಫಲ್, ಅಂದರೆ ಮೊದಲೇ ಒತ್ತಿ ತುಂಬಿಟ್ಟ ಗಾಳಿಯಿಂದ ಹೊಡೆಯುವಂಥದ್ದು. ಸಿಲಿಂಡರಿಗೆ ಕೈಪಂಪಿನಿಂದ 200 ಬಾರ್ ಗಾಳಿ ತುಂಬಬೇಕು; ಟ್ರಿಗರ್ ಎಳೆದಾಗ ಹ್ಯಾಮರ್ ವಾಲ್ವನ್ನು ಬಡಿದು ಒಂದು ಗುಟುಕು ಗಾಳಿ ಬಿಡುತ್ತದೆ. ಎರಡು ವರ್ಷ ಅದರಲ್ಲಿ ಸಾಮಾನ್ಯ ಡಯಾಬೊಲೊ ಪೆಲೆಟ್ಟನ್ನೇ ಹಾಕಿದೆ, ನಡು ಸಣ್ಣ, ಹಿಂದೆ ಲಂಗದ ಹಾಗೆ ಅರಳಿದ್ದು. 25 ಮೀಟರಿಗೆ ಅದರಷ್ಟು ನಂಬಿಗಸ್ತ ಇನ್ನೊಂದಿಲ್ಲ. ಆದರೆ 50 ಮೀಟರಿಗೆ ಹೋದೆನೋ, ಮುಖಕ್ಕೆ ತಣ್ಣಗೆ ತಾಗುವಷ್ಟು ಅಡ್ಡಗಾಳಿ ಇದ್ದರೂ ಪೆಲೆಟ್ ಒಂಬತ್ತು ಹತ್ತು ಸೆಂಟಿಮೀಟರ್ ಸರಿದು ಬೀಳುತ್ತಿತ್ತು.

ಪೆಲೆಟ್ಟಿಗೂ ಸ್ಲಗ್ಗಿಗೂ ಇರುವ ವ್ಯತ್ಯಾಸ ಬರೀ ತೂಕದ್ದಲ್ಲ. ಪೆಲೆಟ್ ಬ್ಯಾಡ್ಮಿಂಟನ್ನಿನ ಶಟಲ್ ಇದ್ದ ಹಾಗೆ. ಹಿಂದಿನ ಲಂಗ ಗಾಳಿಯನ್ನು ಹಿಡಿದು ಎಳೆಯುವುದರಿಂದ ಮುಖ ಮುಂದಕ್ಕೇ ಇರುತ್ತದೆ. ಆ ಎಳೆತವೇ ಅದರ ವೇಗವನ್ನೂ ತಿನ್ನುತ್ತದೆ. ಸ್ಲಗ್ ಹಾಗಲ್ಲ. ಅದು ಸೀಸದ ಗಟ್ಟಿ ತುಂಡು, ಬಂದೂಕಿನ ಗುಂಡಿನ ಆಕಾರ. ಅದನ್ನು ನೆಟ್ಟಗೆ ಇಡುವುದು ನಳಿಕೆಯ ಒಳಗಿನ ಓರೆ ಗೆರೆಗಳು ಕೊಡುವ ಸುತ್ತು ಮಾತ್ರ. ಚಿಕ್ಕಂದಿನಲ್ಲಿ ಬಗರಿ ಆಡಿದವರಿಗೆ ಇದು ತಟ್ಟನೆ ತಿಳಿಯುತ್ತದೆ: ಜಾಳಿಗೆ ಸರಿಯಾಗಿ ಬಿಗಿದು ಬಿಟ್ಟರೆ ನಿಂತಲ್ಲೇ ನಿದ್ದೆ ಹೋಗುತ್ತದೆ, ಸುತ್ತು ಸಾಲದಿದ್ದರೆ ತಲೆ ತೂಗಿ ಮಗುಚುತ್ತದೆ.

ಮೊದಲು ತರಿಸಿದ್ದು 13 ಗ್ರೇನಿನ ಸ್ಲಗ್, ಅಂದರೆ 0.842 ಗ್ರಾಂ. ನನ್ನ ಹಗುರ ಪೆಲೆಟ್ 8.44 ಗ್ರೇನ್, 0.547 ಗ್ರಾಂ. ತೂಕ ಒಂದೂವರೆ ಪಟ್ಟು. ನಮ್ಮ ಓಣಿಯ ಪತ್ತಾರರ ತಕ್ಕಡಿಯಲ್ಲಿ ನೂರು ಸ್ಲಗ್ಗನ್ನು ಒಂದೊಂದಾಗಿ ತೂಗಿದೆ. ಮಿಲಿಗ್ರಾಂ ತೋರಿಸುವ ತಕ್ಕಡಿ ಅದು. ಹೆಚ್ಚಿನವುಗಳ ವ್ಯತ್ಯಾಸ ಏಳೆಂಟು ಮಿಲಿಗ್ರಾಂ ಒಳಗೇ ಇತ್ತು. ಆಚೀಚೆ ಇದ್ದ ಹನ್ನೊಂದನ್ನು ಬೇರೆ ಡಬ್ಬಿಗೆ ಹಾಕಿದೆ.

ಇಲ್ಲಿ ನನಗೆ ಗೊತ್ತಿಲ್ಲದ ಒಂದು ಸಂಗತಿ ಕಾದಿತ್ತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಏರ್ ರೈಫಲ್ ನಳಿಕೆಯ ಒಳವ್ಯಾಸ 4.5 ಮಿ.ಮೀ. ದಾಟಬಾರದು, ನಳಿಕೆಯ ಬಾಯಿ ಬಿಡುವಾಗ ಗುಂಡಿನ ಶಕ್ತಿ 20 ಜೂಲ್ ಮೀರಬಾರದು; ಎರಡರಲ್ಲಿ ಒಂದು ಮೀರಿದರೂ ಲೈಸನ್ಸ್ ಬೇಕು. ರೈಫಲ್ ಕೊಡುವಾಗ ಅಂಗಡಿಯವರು, ‘20ರ ಒಳಗ ಐತ್ರಿ, ಚಿಂತಿ ಬ್ಯಾಡ್ರಿ’ ಅಂದಿದ್ದರು. ನಾನೂ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ನೋಡಿದ್ದೆ. ಹಗುರ ಪೆಲೆಟ್ ಸೆಕೆಂಡಿಗೆ 259 ಮೀಟರ್, ಲೆಕ್ಕಕ್ಕೆ 18.3 ಜೂಲ್. ನಿಶ್ಚಿಂತೆ. ಅದೇ ರೈಫಲ್, ಒಂದು ಸ್ಕ್ರೂ ಮುಟ್ಟಿಲ್ಲ, 13 ಗ್ರೇನಿನ ಸ್ಲಗ್ ಹಾಕಿ ಹೊಡೆದರೆ ಕ್ರೋನೋಗ್ರಾಫ್ ತೋರಿಸಿದ್ದು 226. ವೇಗ ಇಳಿದಿದೆಯಲ್ಲ ಎಂದುಕೊಂಡೆ. ಗ್ರಾಂನಲ್ಲಿನ ತೂಕವನ್ನು ವೇಗದಿಂದ ಎರಡು ಸಲ ಗುಣಿಸಿ 2000ದಿಂದ ಭಾಗಿಸಿದರೆ ಜೂಲ್ ಬರುತ್ತದೆ. ಹೊಲದ ಬದುವಿನ ಮೇಲೆ ಕೂತು ಮೊಬೈಲಿನಲ್ಲಿ ಲೆಕ್ಕ ಹಾಕಿದೆ: 21.5.

ಕಾರಣ ಆಮೇಲೆ ಹೊಳೆಯಿತು. ಭಾರದ ಗುಂಡು ನಳಿಕೆಯಲ್ಲಿ ನಿಧಾನಕ್ಕೆ ಸರಿಯುತ್ತದೆ. ಹಾಗಾಗಿ ಹಿಂದಿನ ಗಾಳಿಗೆ ಅದನ್ನು ದೂಡಲು ಹೆಚ್ಚು ಹೊತ್ತು ಸಿಗುತ್ತದೆ. ಪಿಸಿಪಿಯಲ್ಲಿ ತೂಕ ಏರಿದಂತೆ ಶಕ್ತಿಯೂ ಏರುವುದು ಹೀಗೆ. ಸ್ಪ್ರಿಂಗ್ ರೈಫಲ್‌ನಲ್ಲಿ ಸಾಮಾನ್ಯವಾಗಿ ಹೀಗಾಗುವುದಿಲ್ಲ, ಅಲ್ಲಿ ತೀರಾ ಭಾರದ್ದು ಹಾಕಿದರೆ ಶಕ್ತಿ ಕಡಿಮೆಯೇ ಆಗುತ್ತದೆ. ಪೆಲೆಟ್ಟಿನಲ್ಲಿ ಕಾನೂನಿನ ಒಳಗಿದ್ದ ರೈಫಲ್ ಸ್ಲಗ್ ಹಾಕಿದ ಕೂಡಲೇ ಹೊರಗೆ ಹೋಗಬಹುದು ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ಅವತ್ತು ಅಲ್ಲಿಗೇ ನಿಲ್ಲಿಸಿದೆ. ಮನೆಗೆ ಬಂದು ಹ್ಯಾಮರ್ ಸ್ಪ್ರಿಂಗಿನ ಬಿಗಿ ಕಾಲು ಕಾಲು ಸುತ್ತು ಸಡಿಲಿಸಿ, ಪ್ರತಿ ಸಲವೂ ಐದು ಹೊಡೆತ ಅಳೆದು, ಸ್ಲಗ್ಗಿನ ವೇಗವನ್ನು 205ಕ್ಕೆ ಇಳಿಸಿದೆ. 17.7 ಜೂಲ್. ಆ ಸ್ಕ್ರೂ ಮೇಲೆ ಬಿಳಿ ಬಣ್ಣದ ಗೆರೆ ಎಳೆದಿದ್ದೇನೆ.

ಮರುವಾರ 50 ಮೀಟರಿಗೆ ಕಾಗದ ಕಟ್ಟಿದೆ. ಐದು ಹೊಡೆತ. ಹತ್ತಿರ ಹೋಗಿ ನೋಡಿದರೆ ತೂತುಗಳು ಅಂಗೈಯಗಲ ಚೆದುರಿದ್ದವು. ಅದಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು ತೂತಿನ ಆಕಾರ. ಎರಡು ಮಾತ್ರ ಗುಂಡಗೆ. ಉಳಿದ ಮೂರು ಹುಣಸೆಬೀಜದ ಹಾಗೆ ಉದ್ದುದ್ದ, ಒಂದು ಬದಿಯಲ್ಲಿ ಸೀಸದ ಕಪ್ಪು ಉಜ್ಜು. ಸ್ಲಗ್ ಓರೆಯಾಗಿ, ಹೊಟ್ಟೆ ಕೊಟ್ಟು ಕಾಗದ ದಾಟಿದೆ. ಬಗರಿ ಮಗುಚಿದೆ.

ಇಂಥ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಸಲಹೆ: ಪವರ್ ಏರಿಸು. ಅದು ಕಾನೂನಿಗೆ ಸರಿಯಲ್ಲ ಎಂಬುದು ಒಂದು. ಲೆಕ್ಕಕ್ಕೂ ಸರಿಯಲ್ಲ. ವೇಗ ಏರಿಸಿದರೆ ಸುತ್ತು ಏರುತ್ತದೆ ನಿಜ, ಆದರೆ ಸ್ಲಗ್ಗನ್ನು ಮಗುಚಲು ನೋಡುವ ಗಾಳಿಯ ಒತ್ತಡವೂ ಅದೇ ಪ್ರಮಾಣದಲ್ಲಿ ಏರುತ್ತದೆ. ನಿರ್ಧರಿಸುವುದು ಎರಡು ಅಳತೆ: ನಳಿಕೆಯ ಒಳಗಿನ ಗೆರೆ ಎಷ್ಟು ದೂರಕ್ಕೆ ಒಂದು ಸುತ್ತು ಹಾಕುತ್ತದೆ, ಸ್ಲಗ್ ಎಷ್ಟು ಉದ್ದವಿದೆ. ತೂಕ ಏರಿಸಬೇಕೆಂದರೆ ಅದೇ ವ್ಯಾಸದಲ್ಲಿ ಉದ್ದವನ್ನೇ ಏರಿಸಬೇಕು. ಉದ್ದ ಏರಿದರೆ ಬಿಗಿಯಾದ ಸುತ್ತು ಬೇಕು.

ನಳಿಕೆಯ ಸುತ್ತನ್ನು ಅಳೆಯಲು ದುಬಾರಿ ಸಾಧನ ಬೇಡ. ತಿರುಗುವ ಹಿಡಿಯ ಕ್ಲೀನಿಂಗ್ ರಾಡಿಗೆ ಬಿಗಿಯಾದ ಬಟ್ಟೆ ಸುತ್ತಿ, ರಾಡಿನ ಮೇಲೆ ಒಂದು ಗುರುತು ಹಾಕಿ, ನಿಧಾನವಾಗಿ ಒಳಗೆ ನೂಕಬೇಕು. ಗುರುತು ಪೂರ್ತಿ ತಿರುಗಿ ಮತ್ತೆ ಮೇಲೆ ಬರುವಷ್ಟರಲ್ಲಿ ರಾಡ್ ಎಷ್ಟು ಸರಿಯಿತೋ ಅದೇ ಅಳತೆ. ನನ್ನದು 450 ಮಿ.ಮೀ. ಬಂತು. ಇನ್ನು ಲೆಕ್ಕ ಹಳೆಯದು, 1879ರಲ್ಲಿ ಗ್ರೀನ್‌ಹಿಲ್ ಎಂಬ ಬ್ರಿಟಿಷ್ ಗಣಿತಜ್ಞ ಸೀಸದ ಗುಂಡಿಗೆಂದು ಕೊಟ್ಟದ್ದು. ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಸುತ್ತಿನ ಅಳತೆಯಿಂದ ಭಾಗಿಸಿದರೆ ಆ ನಳಿಕೆ ತಾಳಿಕೊಳ್ಳುವ ಉದ್ದ ಸಿಗುತ್ತದೆ. 4.5ರ ವರ್ಗ 20.25, ಅದರ 150 ಪಟ್ಟನ್ನು 450ರಿಂದ ಭಾಗಿಸಿದರೆ 6.75 ಮಿ.ಮೀ. ವರ್ನಿಯರ್ ತೆಗೆದು ನನ್ನ 13 ಗ್ರೇನಿನ ಸ್ಲಗ್ ಅಳೆದೆ. 6.9.

ಕೂದಲೆಳೆಯ ಅಂತರ. ಲೇಥ್ ಮುಂದೆ ನಿಲ್ಲುವವನಿಗೆ 0.15 ಮಿ.ಮೀ. ಎಂದರೆ ಸಣ್ಣದಲ್ಲ. ಅಷ್ಟು ಹೆಚ್ಚುಕಡಿಮೆಯಾದರೆ ಬೇರಿಂಗ್ ಕೂರುವುದಿಲ್ಲ. ಆದರೂ ಒಂದು ಸರಳ ಲೆಕ್ಕ ಹೊಲದಲ್ಲಿ ಹೀಗೆ ಕಣ್ಣೆದುರಿಗೆ ನಿಂತದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ಆಮೇಲೆ ತರಿಸಿದ್ದು 10 ಗ್ರೇನಿನದು, ಉದ್ದ 5.4 ಮಿ.ಮೀ. ಅದರಲ್ಲಿ 4.50 ಮತ್ತು 4.52 ಮಿ.ಮೀ. ಎರಡೂ ದಪ್ಪ ತೆಗೆದುಕೊಂಡೆ. ಪೆಲೆಟ್ಟಿನ ತೆಳು ಲಂಗ ಗಾಳಿಯ ಒತ್ತಡಕ್ಕೆ ಅರಳಿ ನಳಿಕೆಗೆ ತಾನೇ ಹೊಂದಿಕೊಳ್ಳುತ್ತದೆ. ಸ್ಲಗ್ಗಿನ ಗಟ್ಟಿ ಮೈ ಅಷ್ಟು ಸುಲಭಕ್ಕೆ ಹೊಂದಿಕೊಳ್ಳದು. ಒಂದೊಂದನ್ನು ಹಿತ್ತಾಳೆ ಕಡ್ಡಿಯಿಂದ ನಳಿಕೆಯುದ್ದಕ್ಕೂ ಕೈಯಲ್ಲೇ ನೂಕಿ ನೋಡಿದೆ. 4.52ರದ್ದು ಮೊದಲಿನಿಂದಲೂ ಹೆಣಗಿತು, ಬಾಯಿ ಹತ್ತಿರದ ಕೊನೆಯ ಎರಡು ಇಂಚಿನಲ್ಲಿ, ನಳಿಕೆ ಬಿಗಿಯಾಗುವ ಜಾಗದಲ್ಲಿ, ನಿಂತೇ ಬಿಟ್ಟಿತು. 4.50ರದ್ದು ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಒಂದೇ ಸಮ ಸರಿದು, ಕೊನೆಯಲ್ಲಿ ತುಸು ಬಿಗಿಯಾಗಿ, ಹೊರಬಿತ್ತು. ಮೈಮೇಲೆ ಗೆರೆಗಳು ಸುತ್ತಲೂ ಒಂದೇ ಆಳ. ಅದನ್ನೇ ಉಳಿಸಿಕೊಂಡೆ.

ಸೆಕೆಂಡಿಗೆ 230 ಮೀಟರ್, 17 ಜೂಲ್ ಚಿಲ್ಲರೆ. 50 ಮೀಟರಿನಲ್ಲಿ ಐದು ತೂತು ಎರಡೂವರೆ ಸೆಂಟಿಮೀಟರಿನೊಳಗೆ, ಎಲ್ಲವೂ ಗುಂಡಗೆ. ಪೆಲೆಟ್ಟನ್ನು ಒಂಬತ್ತು ಸೆಂಟಿಮೀಟರ್ ತಳ್ಳುವ ಗಾಳಿ ಇದನ್ನು ತಳ್ಳಿದ್ದು ಸುಮಾರು ಆರು. ದೊಡ್ಡ ಸ್ಲಗ್ಗಿಗೆ ಇನ್ನೂ ಕಡಿಮೆ ಸಿಗಬೇಕಿತ್ತು. ಆದರೆ ತಲೆ ತೂಗುವ ಸ್ಲಗ್ಗಿಗೆ ಆ ಲಾಭ ಎಲ್ಲಿಯದು? ಅದಕ್ಕೆ ತಕ್ಕ ನಳಿಕೆ, ಅದಕ್ಕೆ ತಕ್ಕ ಶಕ್ತಿ ಬೇಕೆನ್ನುವವರು ಮೊದಲು ಲೈಸನ್ಸಿಗೆ ಅರ್ಜಿ ಹಾಕಲಿ.

ಗುಂಡು ತಡೆಯುವುದರ ಬಗ್ಗೆ ಹೇಳಲೇಬೇಕು. ಪೆಲೆಟ್ಟಿಗಿಂತ ಸ್ಲಗ್ ದೂರದಲ್ಲೂ ಹೆಚ್ಚು ಬಲ ಉಳಿಸಿಕೊಳ್ಳುತ್ತದೆ, ಗುರಿ ತಪ್ಪಿದರೆ ನೂರಾರು ಮೀಟರ್ ಹೋಗುತ್ತದೆ. ನಾನು ಗುರಿ ಇಡುವುದು ಎತ್ತರದ ಒಡ್ಡಿನ ಬುಡದಲ್ಲೇ. ಕಾಗದದ ಹಿಂದೆ ಯರಿಮಣ್ಣು ತುಂಬಿದ ಹಲಗೆ ಪೆಟ್ಟಿಗೆ. ಮಣ್ಣು ಹಸಿ ಇದ್ದಾಗ ಸ್ಲಗ್ಗನ್ನು ಸದ್ದಿಲ್ಲದೆ ನುಂಗುತ್ತಿತ್ತು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನೀರು ಹಾಕಲು ಮರೆತೆ. ಮಣ್ಣು ಬಿರುಕು ಬಿಟ್ಟು ಹೆಂಟೆ ಕಲ್ಲಾಗಿತ್ತು. ಹೊಡೆದ ಸ್ಲಗ್ ಟಪ್ಪೆಂದು ಬಡಿದು ಹಿಂದಕ್ಕೆ ಹಾರಿ ನನಗಿಂತ ನಾಲ್ಕು ಮಾರು ಮುಂದೆ ಧೂಳೆಬ್ಬಿಸಿತು. ಆವತ್ತಿನಿಂದ ಬೆಳಿಗ್ಗೆ ಬಂದ ಕೂಡಲೇ ಎರಡು ಕೊಡ ನೀರು ಸುರಿದು ಮೇಲೆ ಹಸಿ ಗೋಣಿತಟ್ಟು ಹೊದಿಸುತ್ತೇನೆ. ಕನ್ನಡಕ ಹಾಕದೆ ಒಂದೂ ಹೊಡೆತವಿಲ್ಲ.

ಮಾವನವರು ಒಮ್ಮೆ, ‘ಮಂಗ್ಯಾಗೋಳ ಕಾಟ ಭಾಳ ಆಗೇತಿ, ಒಂದ್ ಸಲ ಹೊಡದು ಅಂಜಸು’ ಅಂದರು. ಆಗದು ಎಂದೆ. 1972ರ ವನ್ಯಜೀವಿ ಕಾಯ್ದೆಯನ್ನು ಹೇಳಿದೆ, ಅದು ಇಲ್ಲದಿದ್ದರೂ ಆಗದು ಎಂದೂ ಹೇಳಿದೆ. ಅವರು ಮತ್ತೆ ಕೇಳಲಿಲ್ಲ.

ಹಂಗಾಮು ಮುಗಿದ ಮೇಲೆ ಪೆಟ್ಟಿಗೆಯ ಮಣ್ಣನ್ನು ಬುಟ್ಟಿಗೆ ಹಾಕಿ, ನೀರಲ್ಲಿ ಕಲಸಿ, ಕಾಳು ಸೋಸುವ ಜರಡಿಯಲ್ಲಿ ಜಾಲಿಸುತ್ತೇನೆ. ಸೀಸ ವಿಷ, ಕಡಲೆ ಬಿತ್ತುವ ಹೊಲದಲ್ಲಿ ಅದನ್ನು ಬಿಡುವುದಿಲ್ಲ. ಆ ಮಣ್ಣೂ ಆ ಪೆಟ್ಟಿಗೆ ಬಿಟ್ಟು ಹೊಲಕ್ಕೆ ಇಳಿಯುವುದಿಲ್ಲ, ಜಾಲಿಸಿದ ನೀರೂ ಪೆಟ್ಟಿಗೆಗೇ ವಾಪಸ್. ಕೈಯನ್ನು ಸಾಬೂನಿನಿಂದ ಎರಡು ಸಲ ತೊಳೆದೇ ರೊಟ್ಟಿ ಗಂಟು ಬಿಚ್ಚುವುದು. ಜರಡಿಯಲ್ಲಿ ಉಳಿದ ಸ್ಲಗ್ಗುಗಳ ಮೂತಿ ಚಪ್ಪಟೆಯಾಗಿದ್ದರೂ ಮೈ ಹಾಗೇ ಇರುತ್ತದೆ. ಬಿಸಿಲಿಗೆ ಹಿಡಿದು ತಿರುಗಿಸಿದರೆ ನಳಿಕೆಯ ಗೆರೆಗಳು ಓರೆಯಾಗಿ, ಒಂದರ ಪಕ್ಕ ಒಂದು, ಹೊಸದಾಗಿ ಊಳಿದ ಸಾಲಿನಂತೆ ಕಾಣುತ್ತವೆ. 13 ಗ್ರೇನಿನವು ನಾಲ್ಕು ಸಿಕ್ಕವು, ನಾಲ್ಕಕ್ಕೂ ಪೆಟ್ಟು ಬಿದ್ದದ್ದು ಮೂತಿಗಲ್ಲ, ಪಕ್ಕೆಗೆ.