ಹಳೇ ಮನೆ ರಿಪೇರಿ: ಪೇಂಟ್ ಡಬ್ಬ ತೆಗೆಯೋಕೆ ಮುಂಚೆ ನೀರಿನ ದಾರಿ ನೋಡಿ

ದೀಪಾವಳಿ ಹತ್ರ ಬಂತು ಅಂದ್ರೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆ ಪೇಂಟ್ ಅಂಗಡಿಗಳ ಮುಂದೆ ರಶ್ಶೋ ರಶ್ಶು. ಅಜ್ಜನ ಕಾಲದ ಮಣ್ಣಿನ ಗೋಡೆ ಮನೆ, ಕಲ್ಲು ಚಪ್ಪಡಿ ಮನೆ, ಮದ್ರಾಸ್ ತಾರಸಿ ಮನೆ ಇರೋರೂ ಅಲ್ಲೇ ನಿಂತಿರ್ತಾರೆ, ಯಾಕಂದ್ರೆ ಹೋದ ವರ್ಷ ಹೊಡೆಸಿದ ಬಣ್ಣ ನೆಲದಿಂದ ಮೂರಡಿವರೆಗೂ ಚಕ್ಕೆ ಎದ್ದು ಉದುರಿ ಹೋಗಿರುತ್ತೆ, ಅದಕ್ಕೆ ಈ ವರ್ಷ ಇನ್ನೂ ಕಾಸ್ಟ್ಲಿ ಪೇಂಟು, ಪುಟ್ಟಿ, ಮೇಲೊಂದು ವಾಟರ್ ಪ್ರೂಫ್ ಕೋಟಿಂಗು. ಮುಂದಿನ ವರ್ಷ ಮತ್ತೆ ಅದೇ ಕಥೆ. ನನ್ನ ಕೇಳಿದ್ರೆ ಆ ದುಡ್ಡನ್ನ ಒಂದು ವರ್ಷ ಪೇಂಟಿಗೆ ಹಾಕದೆ ನೀರು ಎಲ್ಲಿಂದ ಬರ್ತಿದೆ, ಎಲ್ಲಿಂದ ಆಚೆ ಹೋಗ್ಬೇಕು ಅನ್ನೋದಕ್ಕೆ ಹಾಕಿ ಅಂತೀನಿ. ಹಳೇ ಮನೆ ಹಾಳಾಗೋದು ವಯಸ್ಸಾಗಿ ಅಲ್ಲ, ನೀರು ಕುಡಿದು.

ಮೊದಲನೇ ಕೆಲಸ: ಮಳೆ ಬರೋವಾಗ ನೋಡಿ

ನಮ್ಮ ಕಡೆ ಜೋರು ಮಳೆ ಅಂದ್ರೆ ಸೆಪ್ಟೆಂಬರ್, ಅಕ್ಟೋಬರ್. ಆಗ ಕೆಲಸ ಮಾಡಿಸೋಕಾಗಲ್ಲ, ಆದ್ರೆ ನೋಡೋಕೆ ಅದಕ್ಕಿಂತ ಒಳ್ಳೆ ಟೈಮ್ ಇಲ್ಲ. ಛತ್ರಿ ಹಿಡ್ಕೊಂಡು ಮನೆ ಸುತ್ತ ಒಂದು ರೌಂಡ್ ಹಾಕಿ, ದೋಣಿಯಿಂದ, ಅಂದ್ರೆ ಮಾಳಿಗೆ ನೀರು ಆಚೆ ಬೀಳೋ ಕೊಳವೆಯಿಂದ, ಬೀಳೋ ನೀರು ಗೋಡೆಗೆ ತಾಗ್ತಿದೆಯಾ, ಗೋಡೆ ಬುಡದಲ್ಲೇ ನಿಲ್ತಿದೆಯಾ, ಪಕ್ಕದ ಮನೆಯವರ ಶೀಟಿಂದ ನಮ್ಮ ಗೋಡೆ ಮೇಲೆ ಸುರೀತಿದೆಯಾ ಎಲ್ಲ ಫೋನಲ್ಲಿ ಫೋಟೋ ತೆಗೆದಿಟ್ಕೊಳ್ಳಿ. ಒಳಗೆ ಬಂದು ಸೂರು ನೋಡಿ, ತೇವ ಇರೋ ಜಾಗಕ್ಕೆ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಖು ಬರೀರಿ. ಬಿರುಕಿಗೂ ಹಂಗೇ, ಎರಡೂ ತುದಿಗೆ ಗುರುತು ಹಾಕಿ ತಾರೀಖು ಹಾಕಿ. ಒಂದು ಮಳೆಗಾಲ ಕಳೆದ್ರೂ ಗುರುತು ದಾಟಿಲ್ಲ ಅಂದ್ರೆ ಅದು ಹಳೇ ಬಿರುಕು, ತುಂಬಿದ್ರೆ ಸಾಕು. ದಾಟಿ ಮುಂದಕ್ಕೆ ಹೋಗಿದ್ರೆ, ಅದರಲ್ಲೂ ಕಿಟಕಿ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗಿ ಗೋಡೆಯ ಎರಡೂ ಕಡೆ ಕಾಣ್ತಿದ್ರೆ, ಮೇಸ್ತ್ರಿ ಸಾಕಾಗಲ್ಲ, ಇಂಜಿನಿಯರ್‌ನ ಕರೆಸಿ.

ತೇವ ಗೋಡೆ ಒಳಗಿಂದ ಬರ್ತಿದೆಯೋ ರೂಮಿನ ಗಾಳಿಯಿಂದ ಕೂತಿದ್ಯೋ ಗೊತ್ತಾಗದಿದ್ರೆ ಒಂದು ಸುಲಭದ ಪರೀಕ್ಷೆ ಇದೆ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನ ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆ ಹಿಂದೆ ಹನಿ ಕಟ್ಟಿದ್ರೆ ಗೋಡೆ ಒಳಗಿನ ನೀರು. ಮುಂದಗಡೆ ಕಟ್ಟಿದ್ರೆ ಒಲೆ, ಬಚ್ಚಲಿನ ಹಬೆ, ಅದಕ್ಕೆ ಬೇಕಿರೋದು ಕಿಟಕಿ, ರಿಪೇರಿ ಅಲ್ಲ.

ಎರಡನೇದು: ಮಾಳಿಗೆ

ಜಂತೆ ಮೇಲೆ ಸೊಪ್ಪು, ಅದರ ಮೇಲೆ ಚೌಳು ಮಣ್ಣು ಹಾಕಿದ ಮಾಳಿಗೆ ಮನೆಗಳು ಗುಡಿಬಂಡೆ, ಬಾಗೇಪಲ್ಲಿ ಕಡೆ ಇನ್ನೂ ಇವೆ. ಸೋರಿದಾಗೆಲ್ಲ ಒಂದು ಬುಟ್ಟಿ ಮಣ್ಣು ಮೇಲೆ ಹಾಕೋದು ರೂಢಿ, ಕೇಳೋಕೆ ಸಣ್ಣ ವಿಷಯ. ಲೆಕ್ಕ ಹಾಕಿ ನೋಡಿ. ಸಾವಿರ ಚದರಡಿ ಮಾಳಿಗೆ ಮೇಲೆ ಬರೀ ಒಂದು ಇಂಚು ಮಣ್ಣು ಅಂದ್ರೆ ಸುಮಾರು ನಾಲ್ಕು ಟನ್ ತೂಕ, ನೆನೆದ್ರೆ ಇನ್ನೂ ಜಾಸ್ತಿ. ಮೂವತ್ತು ವರ್ಷ ಹಿಂಗೇ ಹಾಕ್ಕೊಂಡು ಬಂದ ಮನೆಯಲ್ಲಿ ಜಂತೆ ಬಾಗಿದೆ ಅಂದ್ರೆ ಮರದ ತಪ್ಪಲ್ಲ. ಹೊಸದು ಹಾಕೋಕೆ ಮುಂಚೆ ಹಳೇದನ್ನ ಕೆರೆದು ಇಳಿಸಿ, ಅಷ್ಟೇ ದಪ್ಪಕ್ಕೆ ಮತ್ತೆ ಹಾಕಿ.

ಮದ್ರಾಸ್ ತಾರಸಿ ಬೇರೆ ಲೆಕ್ಕ. ಜಂತೆ ಮೇಲೆ ತೆಳು ಇಟ್ಟಿಗೆಗಳನ್ನ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿ, ಮೇಲೆ ಇಟ್ಟಿಗೆ ಚೂರು ಸುಣ್ಣ ಕಲಸಿ ಹಾಕಿ, ಬೆಲ್ಲದ ನೀರು ಅಳಲೆಕಾಯಿ ನೀರು ಚಿಮುಕಿಸ್ತಾ ಹೆಂಗಸರು ಸಾಲಾಗಿ ಕೂತು ಮರದ ಬಡಿಗೆಯಲ್ಲಿ ದಿನಗಟ್ಟಲೆ ಬಡೀತಿದ್ರು. ಅಂಥ ತಾರಸಿ ಸೋರ್ತಿದೆ ಅಂತ ಮೇಲೆ ಎರಡು ಇಂಚು ಸಿಮೆಂಟ್ ಕಾಂಕ್ರೀಟ್ ಹಾಕಿಸ್ತಾರೆ ನೋಡಿ, ಅದು ಎರಡು ಬೇಸಿಗೆಗೆ ಬಿರುಕು ಬಿಡುತ್ತೆ, ಬಿರುಕಲ್ಲಿ ಇಳಿದ ನೀರು ಆಚೆ ಬರೋಕೆ ದಾರಿ ಇಲ್ಲದೆ ಕೆಳಗೆ ಜಂತೆ ತುದಿಗೆ ಹೋಗಿ ಕೂರುತ್ತೆ, ಗೋಡೆ ಒಳಗೆ ಕೂತಿರೋ ಆ ತುದಿ ಕೊಳೆಯೋದು ಯಾರಿಗೂ ಕಾಣಲ್ಲ. ಸರಿಯಾದ ಕೆಲಸ ಅಂದ್ರೆ ಸಡಿಲ ಆಗಿರೋ ಬಿಲ್ಲೆ ಎತ್ತಿ, ಬಿರುಕಿನ ಧೂಳು ತೆಗೆದು, ನೆನೆಸಿ, ಸುಣ್ಣ ಮತ್ತು ಸುರ್ಕಿ, ಅಂದ್ರೆ ಇಟ್ಟಿಗೆ ಪುಡಿ, ಕಲಸಿ ಒತ್ತಿ ತುಂಬೋದು. ಹತ್ತಡಿಗೆ ಎರಡು ಇಂಚಾದ್ರೂ ಇಳಿಜಾರು ಇದೆಯಾ ನೋಡಿ, ನೀರು ನಿಲ್ಲೋ ಗುಂಡಿ ಇದ್ರೆ ಅಲ್ಲಿ ಮಾತ್ರ ಎತ್ತರಿಸಿ.

ಚಪ್ಪಡಿ ಮನೆಯಲ್ಲಿ ಕಲ್ಲು ಸೋರಲ್ಲ, ಸಂದು ಸೋರುತ್ತೆ. ಸಂದನ್ನ ಎರಡು ಇಂಚು ಆಳ ಕೆರೆದು ಅದೇ ಸುಣ್ಣ ಸುರ್ಕಿ ತುಂಬಿ, ಮೇಲೆ ಸುಣ್ಣ ಬಳಿದ್ರೆ ಬೇಸಿಗೆ ಬಿಸಿಲಿಗೆ ಕಲ್ಲು ಕಾಯೋದೂ ಕಡಿಮೆ ಆಗುತ್ತೆ.

ಎಲ್ಲಾ ಥರದ ಮಾಳಿಗೆಗೂ ಇನ್ನೆರಡು ಮಾತು. ದೋಣಿ ಗೋಡೆಯಿಂದ ಕನಿಷ್ಠ ಒಂದೂವರೆ ಅಡಿ ಮುಂದಕ್ಕಿರಲಿ, ಇಲ್ಲಾಂದ್ರೆ ಪೈಪ್ ಹಾಕಿ ಕೆಳಗಿಳಿಸಿ. ಆಮೇಲೆ ಪ್ಯಾರಾಪೆಟ್ ಸಂದಲ್ಲಿ ಹುಟ್ಟೋ ಅರಳಿ ಗಿಡ. ಅರಳಿ ಕೀಳಬಾರದು ಅಂತ ಕೈ ಮುಗಿದು ಬಿಡೋರು ಜಾಸ್ತಿ, ನಾಲ್ಕು ಎಲೆ ಇದ್ದಾಗ ಬಿಟ್ಟಿದ್ದು ನಾಲ್ಕು ವರ್ಷಕ್ಕೆ ಗೋಡೆ ಸೀಳುತ್ತೆ. ಎಳೇದಿದ್ದಾಗಲೇ ಬೇರು ಸಮೇತ ಬಿಡಿಸಿ ಕೆರೆ ಏರಿ ಪಕ್ಕ ನೆಟ್ಟುಬಿಡಿ, ಪಾಪನೂ ಇಲ್ಲ. ದೊಡ್ಡದಾಗಿದ್ರೆ ಎಳೀಬೇಡಿ, ಗೋಡೆನೂ ಜೊತೆಗೆ ಬರುತ್ತೆ, ಬುಡಕ್ಕೆ ಕತ್ತರಿಸಿ, ಚಿಗುರಿದಾಗೆಲ್ಲ ಕತ್ತರಿಸ್ತಾ ಇರಿ.

ಅಂದಹಾಗೆ ಆ ಮಾಳಿಗೆ ನೀರನ್ನ ಚರಂಡಿಗೆ ಬಿಡೋದು ನಮ್ಮಂಥ ಜಿಲ್ಲೆಯಲ್ಲಿ ಮೂರ್ಖತನ. ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ ಅಂದ್ಕೊಂಡ್ರೂ ಸಾವಿರ ಚದರಡಿ ಮೇಲೆ 65 ಸಾವಿರ ಲೀಟರ್ ಬೀಳುತ್ತೆ. ಸಂಪಿಗೆ ತಿರುಗಿಸಿ.

ಮೂರನೇದು: ಗೋಡೆ ಬುಡ

ಪೇಟೆ ಬೀದಿಗಳಲ್ಲಿ ಒಂದು ವಿಚಿತ್ರ ಗಮನಿಸಿ. ಮೊದಲು ಮೂರು ಮೆಟ್ಟಿಲು ಹತ್ತಿ ಹೋಗ್ಬೇಕಿದ್ದ ಜಗಲಿಗೆ ಈಗ ಒಂದು ಮೆಟ್ಟಿಲು ಇಳೀಬೇಕು. ಮನೆ ಕುಸಿದಿಲ್ಲ, ರಸ್ತೆ ಬೆಳೆದಿದೆ. ಹಳೇ ಟಾರ್ ಕೀಳದೆ ಮೇಲೆ ಟಾರು, ಅದರ ಮೇಲೆ ಸಿಸಿ ರಸ್ತೆ, ಬೀದಿ ನೀರೆಲ್ಲ ಗೋಡೆ ಬುಡಕ್ಕೆ. ಗೋಡೆ ಅದನ್ನ ಹೀರಿಕೊಂಡು ಮೇಲಕ್ಕೆ ಎಳೆಯುತ್ತೆ, ಮೂರಡಿ ಪಟ್ಟಿ ಬರೋದು ಅದಕ್ಕೇ. ಗೋಡೆಗಂಟಿಕೊಂಡು ಕಾಂಕ್ರೀಟ್ ಹಾಕಿಸಿದ್ರೆ ಮುಗೀತು ಅಂದ್ಕೊಂಡ್ರೆ ತಪ್ಪು, ನೆಲದ ತೇವಕ್ಕೆ ಆಗ ಗೋಡೆ ಬಿಟ್ರೆ ಬೇರೆ ದಾರಿನೇ ಇರಲ್ಲ. ಗೋಡೆಯಿಂದ ಒಂದಡಿ ಬಿಟ್ಟು, ಪಾಯದ ತಳಕ್ಕಿಂತ ಆಳ ಹೋಗದ ಹಾಗೆ, ಒಂದೂವರೆ ಅಡಿ ಕಾಲುವೆ ತೆಗೆದು ದಪ್ಪ ಜಲ್ಲಿ ತುಂಬಿ ಚರಂಡಿ ಕಡೆ ಇಳಿಜಾರು ಕೊಡಿ. ಒಳಗಡೆನೂ ಇದೇ ಸೂತ್ರ: ಹಳೇ ಕಡಪ ಕಲ್ಲಿನ ನೆಲದ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕಿಸಿದ ವರ್ಷವೇ ಗೋಡೆ ತೇವ ಜಾಸ್ತಿ ಆಯ್ತು ಅಂತ ಗೊಣಗೋರು ಸಿಗ್ತಾರೆ, ಕಾರಣ ಅದೇ, ಕಲ್ಲಿನ ಸಂದಲ್ಲಿ ಆರ್ತಿದ್ದ ತೇವ ಈಗ ಗೋಡೆ ಹತ್ತುತ್ತೆ.

ನಾಲ್ಕನೇದು: ಗಾರೆ, ಇದನ್ನ ಅವಸರ ಪಡಬೇಡಿ

ಮಣ್ಣಿನ ಗೋಡೆ, ಸುಣ್ಣದ ಗಾರೆ ಗೋಡೆ ನೀರು ಕುಡಿಯುತ್ತೆ, ಬಿಸಿಲಿಗೆ ಬಿಡುತ್ತೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಮೆತ್ತೋದು ಬೆವರಿದ ಮೈಗೆ ರೈನ್‌ಕೋಟ್ ತೊಡಿಸಿದ ಹಾಗೆ. ಒಳಗಿನ ತೇವ ಉಪ್ಪನ್ನ ಹೊತ್ಕೊಂಡು ಬಂದು ಪ್ಲಾಸ್ಟರ್ ಹಿಂದೆ ನಿಲ್ಲುತ್ತೆ, ಉಪ್ಪು ಹರಳು ಕಟ್ಟಿ ಉಬ್ಬುತ್ತೆ, ಪ್ಲಾಸ್ಟರ್ ಬೀಳೋವಾಗ ಜೊತೆಗೆ ಒಂದು ಇಂಚು ಹಳೇ ಗೋಡೆನೂ ಕಿತ್ಕೊಂಡು ಬೀಳುತ್ತೆ. ಮೆತ್ತೋದು ಯಾವಾಗ್ಲೂ ಗೋಡೆಗಿಂತ ಮೆತ್ತಗಿರಬೇಕು, ಹಾಳಾಗೋದಾದ್ರೆ ಅದು ಹಾಳಾಗ್ಲಿ, ಗೋಡೆ ಉಳೀಲಿ.

ಸುಣ್ಣದಕಲ್ಲನ್ನ ಭಟ್ಟಿಯಲ್ಲಿ 900 ಡಿಗ್ರಿ ಆಸುಪಾಸು ಸುಟ್ರೆ ಸುಟ್ಟ ಸುಣ್ಣ, ಅದಕ್ಕೆ ನೀರು ಸೇರಿದ್ರೆ ಕುದಿದು ಅರಳಿದ ಸುಣ್ಣ, ಗೋಡೆಗೆ ಹೋದ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣದಕಲ್ಲೇ ಆಗುತ್ತೆ. ಇದು ತಿಂಗಳುಗಟ್ಟಲೆ ನಡೆಯೋ ಕೆಲಸ, ಸಿಮೆಂಟಿನ ಥರ ಮೂರು ದಿನಕ್ಕೆ ಗಟ್ಟಿ ಆಗ್ಲಿಲ್ಲ ಅಂತ ಗಾಬರಿ ಬೇಡ.

ಮಾಡೋದು ಹಿಂಗೆ. ಡ್ರಮ್ಮಲ್ಲಿ ಮೊದಲು ನೀರು, ಆಮೇಲೆ ಸುಟ್ಟ ಸುಣ್ಣ ಸ್ವಲ್ಪ ಸ್ವಲ್ಪವೇ ಹಾಕ್ಬೇಕು. ಉಲ್ಟಾ ಮಾಡಿ ಸುಣ್ಣದ ಮೇಲೆ ನೀರು ಸುರಿದ್ರೆ ಸಿಡಿಯುತ್ತೆ, ಕಣ್ಣಿಗೆ ಬಿದ್ರೆ ದೃಷ್ಟಿ ಹೋಗ್ಬಹುದು, ಕನ್ನಡಕ ಗ್ಲೌಸ್ ಕಡ್ಡಾಯ, ಮಕ್ಕಳನ್ನ ಹತ್ರ ಬಿಡಬೇಡಿ. ತಣ್ಣಗಾದ ಮೇಲೆ ಜರಡಿ ಹಿಡಿದು, ಮೇಲೆ ನೀರು ನಿಂತಿರೋ ಹಾಗೆ ಮೂರು ವಾರ ಬಿಟ್ರೆ ಬೆಣ್ಣೆ ಹದ ಬರುತ್ತೆ. ಅದು ಒಂದು ಪಾಲು, ತೊಳೆದ ಮರಳು ಮೂರು ಪಾಲು, ತೇವದ ಜಾಗ ಆದ್ರೆ ಮರಳಲ್ಲಿ ಒಂದು ಪಾಲು ಬಿಟ್ಟು ಸುರ್ಕಿ. ನೀರಿನ ವಿಷಯದಲ್ಲಿ ನಮ್ಮ ಜಿಲ್ಲೆಯವರು ಹುಷಾರು, ಸಾವಿರ ಅಡಿ ಬೋರಿನ ಗಡಸು ನೀರು ಬಳಸಿದ್ರೆ ಓಡಿಸ್ಬೇಕು ಅಂದ್ಕೊಂಡಿದ್ದ ಉಪ್ಪನ್ನ ನಾವೇ ಗೋಡೆಗೆ ಕುಡಿಸ್ದಂಗೆ. ಸಂಪಿನ ಮಳೆನೀರು ಇಲ್ಲಿಗೆ ಬಂತು ನೋಡಿ ಕೆಲಸಕ್ಕೆ.

ಹಳೇ ಸಿಮೆಂಟ್ ಪ್ಲಾಸ್ಟರ್ ಉಳಿ ಸುತ್ತಿಗೆಯಲ್ಲಿ ನಿಧಾನ ಬಿಡಿಸಿ, ಬ್ರೇಕರ್ ಮೆಷಿನ್ ಬೇಡವೇ ಬೇಡ. ಗೋಡೆ ಒಂದೆರಡು ತಿಂಗಳು ಆರಲಿ, ಉಪ್ಪು ಬಿಳಿ ಬಿಳಿ ಮೇಲೆ ಬಂದ್ರೆ ಒಣ ಬ್ರಷ್ಷಲ್ಲಿ ಉಜ್ಜಿ ಗುಡಿಸಿ, ತೊಳೀಬೇಡಿ. ಇಟ್ಟಿಗೆ, ಕಲ್ಲಿನ ಗೋಡೆ ಆದ್ರೆ ಸಂದು ಕೆರೆದು ಚೆನ್ನಾಗಿ ನೆನೆಸಿ, ಮಣ್ಣಿನ ಗೋಡೆ ಆದ್ರೆ ಬರೀ ಚಿಮುಕಿಸಿ. ಒಂದು ಕೋಟಿಗೆ ಅರ್ಧ ಇಂಚಿಗಿಂತ ದಪ್ಪ ಬೇಡ, ಎರಡನೇದು ವಾರ ಬಿಟ್ಟು. ಗೋಣಿಚೀಲ ತೂಗುಹಾಕಿ ವಾರಗಟ್ಟಲೆ ತಣ್ಣಗಿಡಿ. ಅದಕ್ಕೇ ಈ ಕೆಲಸಕ್ಕೆ ದೀಪಾವಳಿಯಿಂದ ಶಿವರಾತ್ರಿವರೆಗಿನ ಕಾಲ ಒಳ್ಳೇದು. ಕೊನೆಗೆ ತೆಳ್ಳಗೆ ಮೂರ್ನಾಲ್ಕು ಸಲ ಸುಣ್ಣ, ಚೂರು ನೀಲಿ ಬೆರೆಸಿ. ಪ್ಲಾಸ್ಟಿಕ್ ಪೇಂಟ್ ಹೊಡೆದ್ರೆ ಇಷ್ಟೊತ್ತು ಮಾಡಿದ್ದೆಲ್ಲ ದಂಡ.

ಐದನೇದು: ಮರ

ಜಂತೆ, ಕಂಬ, ಬಾಗಿಲ ಚೌಕಟ್ಟನ್ನ ಸ್ಕ್ರೂಡ್ರೈವರ್‌ನಲ್ಲಿ ತಟ್ಟಿ ಚುಚ್ಚಿ ನೋಡಿ. ಟೊಳ್ಳು ಶಬ್ದ ಬಂದ್ರೆ, ತುದಿ ಸಲೀಸಾಗಿ ಒಳಗೆ ಹೋದ್ರೆ ಗೆದ್ದಲು ಕೆಲಸ ಮುಗಿಸಿದೆ. ಜಂತೆಯ ತುದಿ ಮಾತ್ರ ಹೋಗಿದ್ರೆ ಇಡೀ ಜಂತೆ ಬದಲಾಯಿಸೋದು ಬೇಡ, ಕೊಳೆತ ಭಾಗ ಕತ್ತರಿಸಿ ಎರಡೂ ಪಕ್ಕ ಹೊಸ ಮರ ಇಟ್ಟು ಬೋಲ್ಟ್ ಹಾಕ್ಬಹುದು, ಆದ್ರೆ ಅಷ್ಟೊತ್ತು ಕೆಳಗಿಂದ ಊರೆ ಕೊಟ್ಟಿರ್ಬೇಕು. ಗೇರುಬೀಜದ ಸಿಪ್ಪೆ ಎಣ್ಣೆ ಗೆದ್ದಲಿಗೆ ಒಳ್ಳೇದು, ಚರ್ಮ ಸುಡುತ್ತೆ, ಬರಿಗೈಯಲ್ಲಿ ಮುಟ್ಟಬೇಡಿ.

ಶಿಡ್ಲಘಟ್ಟದ ಕಡೆಯವರಿಗೆ ವಿಶೇಷ ಎಚ್ಚರಿಕೆ. ಹುಳು ಸಾಕೋ ಮನೆಯಲ್ಲಾಗ್ಲಿ, ಹಿಪ್ಪುನೇರಳೆ ತೋಟದ ಪಕ್ಕದ ಗೋಡೆಗಾಗ್ಲಿ ಕ್ಲೋರ್‌ಪೈರಿಫಾಸ್ ಥರದ ಗೆದ್ದಲು ಔಷಧಿ ಹೊಡೆಸಬೇಡಿ, ಗೆದ್ದಲಿಗಿಂತ ಮುಂಚೆ ರೇಷ್ಮೆ ಹುಳು ಸಾಯುತ್ತೆ. ಮಣ್ಣಿನ ಸುರಂಗ ಕಂಡಾಗೆಲ್ಲ ಒಡೆದು ಹಾಕೋದು, ತೇವ ತೆಗೆಯೋದು, ಅಷ್ಟೇ ದಾರಿ. ಸುಣ್ಣ ಎಲ್ಲಿ ಸಿಗುತ್ತೆ ಅಂತ ನೀವು ಯಾರನ್ನೂ ಕೇಳ್ಬೇಕಾಗಿಲ್ಲ, ಹುಳು ಜ್ವರಕ್ಕೆ, ಅಂದ್ರೆ ಪೊರೆ ಬಿಡೋಕೆ, ಕೂತಾಗ ಉದುರಿಸೋಕೆ ಪುಡಿ ತರ್ತೀರಲ್ಲ, ಅಲ್ಲೇ ವಿಚಾರಿಸಿದ್ರೆ ಸುಟ್ಟ ಸುಣ್ಣದ ಜಾಡೂ ಸಿಗುತ್ತೆ.

ಆರನೇದು: ಇರೋರಿಗೆ ಅನುಕೂಲ ಆಗ್ಬೇಕಲ್ವಾ

ಹಳೇ ಮನೆ ಚೆಂದ ಅಂತ ಬರೆಯೋರು ಸಾಮಾನ್ಯವಾಗಿ ಅದರಲ್ಲಿ ವಾಸ ಇರಲ್ಲ. ರಾತ್ರಿ ಹಿತ್ತಿಲ ಕಕ್ಕಸಿಗೆ ಹೋಗೋ ಎಂಬತ್ತರ ಅಜ್ಜಿಗೆ ಕೆತ್ತನೆ ಕಂಬ ತಗೊಂಡು ಏನಾಗ್ಬೇಕು. ಬದಲಾವಣೆ ಮಾಡಿ, ಮಾಡ್ಲೇಬೇಕು. ಬಾತ್‌ರೂಮನ್ನ ಮಣ್ಣಿನ ಗೋಡೆಗೆ ಅಂಟಿಸದೆ ಅದರದ್ದೇ ಇಟ್ಟಿಗೆ ಗೋಡೆ ಕಟ್ಟಿ, ಮಧ್ಯ ನಾಲ್ಕು ಇಂಚು ಬಿಟ್ಟು, ಹಜಾರದಿಂದ ಸಮತಟ್ಟು ದಾರಿ, ಹಿಡ್ಕೊಳ್ಳೋಕೆ ಕಂಬಿ ಕೊಡಿ. ಹೊಸಿಲು ತೆಗೆಯೋಕೆ ಮನಸ್ಸು ಬರದಿದ್ರೆ ಎರಡೂ ಕಡೆ ಮರದ ಇಳಿಜಾರು ಸಾಕು.

ಕತ್ತಲು ಅಂತ ಟ್ಯೂಬ್‌ಲೈಟ್ ಹಾಕೋಕೆ ಮುಂಚೆ ಮುಚ್ಚಿಹೋಗಿರೋ ಬೆಳಕಿಂಡಿ ಹುಡುಕಿ. ಸೋರುತ್ತೆ ಅಂತ ಯಾವತ್ತೋ ಚಪ್ಪಡಿ ಎಳೆದಿರ್ತಾರೆ. ಸುತ್ತ ಒಂಬತ್ತು ಇಂಚು ಕಟ್ಟೆ ಕಟ್ಟಿ, ಗಾಜು ಕಟ್ಟೆಗಿಂತ ಸ್ವಲ್ಪ ಮೇಲೆ ನಿಲ್ಲಿಸಿ, ಸಂದಿಗೆ ಸೊಳ್ಳೆ ಮೆಶ್ ಹಾಕಿದ್ರೆ ಬೆಳಕೂ ಬರುತ್ತೆ ಬಿಸಿ ಗಾಳಿನೂ ಹೋಗುತ್ತೆ. ಮನೆ ನಡುವಿನ ತೊಟ್ಟಿ ಅಂಗಳವನ್ನ ಶೀಟ್ ಹಾಕಿ ಪೂರ್ತಿ ಮುಚ್ಚೋರೂ ಹಂಗೇ, ಗಾಳಿ ಆಡೋಕೆ ಜಾಗ ಬಿಡಿ.

ವೈರಿಂಗಿಗೆ ಮಣ್ಣಿನ ಗೋಡೆ ಕೊರೆಸಬೇಡಿ, ಮೇಲೇ ಪೈಪ್ ಓಡಿಸಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದ ತಕ್ಷಣ ಲೈನ್ ಕಟ್ ಮಾಡೋ ಸ್ವಿಚ್, ಹಾಕಿಸಿ. ಒದ್ದೆ ಗೋಡೆ ಮನೆಯಲ್ಲಿ ಜೀವ ಉಳಿಸೋದು ಅದು. ಸಾವಿರ ಲೀಟರ್ ಟ್ಯಾಂಕ್ ಅಂದ್ರೆ ಒಂದು ಟನ್, ಅದನ್ನ ಜಂತೆ ನಡುವೆ ಇಡೋ ಬದಲು ಹಿತ್ತಿಲಲ್ಲಿ ಕಬ್ಬಿಣದ ಸ್ಟ್ಯಾಂಡ್ ಮೇಲೆ ಇಡಿ.

ನಂದಿ ಗ್ರಾಮದವರಿಗೆ ಒಂದು ವಿಷಯ. ಭೋಗನಂದೀಶ್ವರ ದೇವಸ್ಥಾನ ಕೇಂದ್ರದ ಸಂರಕ್ಷಿತ ಸ್ಮಾರಕ, ಪ್ರಾಚೀನ ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿ ಪ್ರಕಾರ ಅದರ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಅಂದ್ರೆ ರಿಪೇರಿನೂ ಇಲ್ಲ ಅಂತ ಜನ ಸುಮ್ಮನಿದ್ದುಬಿಡ್ತಾರೆ, ಹಂಗಲ್ಲ, 1992ರ ಜೂನ್ 16ಕ್ಕಿಂತ ಮುಂಚಿನ ಮನೆ ಆದ್ರೆ ದುರಸ್ತಿಗೆ ಅರ್ಜಿ ಹಾಕ್ಬಹುದು. ಅನುಮತಿ ಬಂದ ಮೇಲೆ ಕೆಲಸ ಶುರು ಮಾಡಿ, ಉಲ್ಟಾ ಬೇಡ.

ಇನ್ನು ಮೇಸ್ತ್ರಿ. ಸುಣ್ಣದ ಕೆಲಸ ಬರುತ್ತೆ ಅನ್ನೋರು ತುಂಬ ಜನ, ಅದಕ್ಕೆ ಹತ್ತು ಪರ್ಸೆಂಟ್ ಸಿಮೆಂಟ್ ಸೇರಿಸಿದ್ರೆ ಸ್ಟ್ರಾಂಗ್ ಆಗುತ್ತೆ ಸಾರ್ ಅನ್ನೋರು ಇನ್ನೂ ಜಾಸ್ತಿ. ಮೊದಲು ಹಿತ್ತಿಲ ಗೋಡೆಯಲ್ಲಿ ಮೂರಡಿ ಚೌಕ ಮಾತ್ರ ಮಾಡಿಸಿ ಕೂಲಿ ಕೊಟ್ಟು ಕಳಿಸಿ. ಒಂದು ತಿಂಗಳು ಬಿಟ್ಟು ಉಗುರಲ್ಲಿ ಕೆರೆದು ನೋಡಿ, ಪುಡಿ ಉದುರಿದ್ರೆ ಕಲಸಿದ್ದು ಸರಿ ಇಲ್ಲ ಅಥವಾ ಬೇಗ ಒಣಗಿಸಿದ್ದಾರೆ, ಜೇಡರ ಬಲೆ ಥರ ಸಣ್ಣ ಬಿರುಕು ಬಿಟ್ಟಿದ್ರೆ ಸುಣ್ಣ ಜಾಸ್ತಿ ಆಗಿದೆ. ಎರಡೂ ಇಲ್ಲ ಅಂದ್ರೆ ಫೋನ್ ಮಾಡಿ ಮುಂದಿನ ಗೋಡೆಗೆ ಅಡ್ವಾನ್ಸ್ ಕೊಡಿ.