ಮನೆಯ ಶೆಡ್ಡಿನ ಮಿಗ್ ಯಂತ್ರಕ್ಕೆ ಅನಿಲ ಜೋಡಿಸಿಕೊಂಡ ಬಗೆ

ಹುಬ್ಬಳ್ಳಿಯಲ್ಲಿರುವ ನಮ್ಮ ಮನೆಯ ಹಿತ್ತಿಲ ಶೆಡ್ಡಿನಲ್ಲಿ ಕಿಟಕಿ ಗ್ರಿಲ್ಲು, ಮೇಜಿನ ಚೌಕಟ್ಟು ಮೊದಲಾದವನ್ನು ಮಾಡಿಕೊಳ್ಳುವ ನನಗೆ ಬಹುಕಾಲ ರಾಡ್ ವೆಲ್ಡಿಂಗೇ ಸಾಕಾಗಿತ್ತು. ತೆಳುವಾದ ಸ್ಕ್ವೇರ್ ಪೈಪಿನ ಕೆಲಸ ಹೆಚ್ಚಿದ ಮೇಲೆ 0.8 ಮಿ.ಮೀ. ತಂತಿ ತಾನಾಗಿ ಸಾಗಿ ಕರಗುವ, ಬೆಸುಗೆಗೆ ಗಾಳಿ ತಾಗದಂತೆ ಅನಿಲ ಹಾಯಿಸುವ ಮಿಗ್ ವೆಲ್ಡಿಂಗ್ ಯಂತ್ರವನ್ನು ಕೊಂಡೆನಾದರೂ, ಯಂತ್ರದ ಆಯ್ಕೆಗಿಂತ ಅದಕ್ಕೆ ಬೇಕಾದ ಅನಿಲದ ವ್ಯವಸ್ಥೆಯೇ ಹೆಚ್ಚು ಲೆಕ್ಕಾಚಾರವನ್ನು ಬೇಡಿತು.

ಮೆತು ಉಕ್ಕಿಗೆ (ಮೈಲ್ಡ್ ಸ್ಟೀಲಿಗೆ) ಮುಖ್ಯವಾಗಿ ಎರಡು ದಾರಿಗಳಿವೆ: ಶುದ್ಧ ಇಂಗಾಲದ ಡೈಆಕ್ಸೈಡ್, ಅಥವಾ ಆರ್ಗಾನಿಗೆ ಶೇಕಡಾ 20ರಷ್ಟು ಅದನ್ನು ಬೆರೆಸಿದ ಮಿಶ್ರಣ. ಮಿಶ್ರಣದಲ್ಲಿ ಕಿಡಿ ಕಡಿಮೆ ಸಿಡಿಯುತ್ತದೆ, ಬೆಸುಗೆ ನುಣುಪಾಗಿ ಬರುತ್ತದೆ. ಆದರೆ ಆರ್ಗಾನ್ ಸಿಲಿಂಡರಿನೊಳಗೆ ದ್ರವವಾಗುವುದಿಲ್ಲ. 10 ಲೀಟರ್ ಗಾತ್ರದ ಸಿಲಿಂಡರಿನಲ್ಲಿ 150 ಬಾರ್ ಒತ್ತಡಕ್ಕೆ ತುಂಬಿದರೂ ಸಿಗುವುದು ಸುಮಾರು 1500 ಲೀಟರ್ ಅನಿಲ, ಅಂದರೆ ನಿಮಿಷಕ್ಕೆ 10 ಲೀಟರಿನಂತೆ ಎರಡೂವರೆ ಗಂಟೆಯ ಕೆಲಸ. ಇಂಗಾಲದ ಡೈಆಕ್ಸೈಡ್ ದ್ರವರೂಪದಲ್ಲಿ ತುಂಬಿ ಬರುವುದರಿಂದ ಒಂದು ಕಿಲೋಗ್ರಾಂ ಸುಮಾರು 540 ಲೀಟರ್ ಅನಿಲವಾಗುತ್ತದೆ, 9 ಕೆ.ಜಿ.ಯ ಸಿಲಿಂಡರ್ ಅದೇ ಹರಿವಿನಲ್ಲಿ ಎಂಟು ಗಂಟೆ ಬಾಳುತ್ತದೆ. ಬಿಡುವಿನ ವೇಳೆಯಲ್ಲಷ್ಟೇ ಕೆಲಸ ಮಾಡುವವನಿಗೆ ಈ ವ್ಯತ್ಯಾಸ ಸಣ್ಣದಲ್ಲ. ಸಿಡಿದು ಅಂಟಿದ ಹನಿಗಳನ್ನು ಉಳಿಯಿಂದ ಕೆರೆದರಾಯಿತೆಂದು ನಾನು ಶುದ್ಧ ಇಂಗಾಲದ ಡೈಆಕ್ಸೈಡನ್ನೇ ಆರಿಸಿದೆ. ಅದೇ ಕೆಲಸಕ್ಕೆ ಮಿಶ್ರಣಕ್ಕಿಂತ ಒಂದೆರಡು ವೋಲ್ಟ್ ಹೆಚ್ಚು ಇಡಬೇಕಾಗುತ್ತದೆ, ಅಷ್ಟೆ.

ಸಿಲಿಂಡರನ್ನು ತರುವಾಗ ಅದರ ಕುತ್ತಿಗೆಯ ಕೆಳಗಿನ ಹೆಗಲಿನ ಮೇಲೆ ಕೊರೆದಿರುವ ಎರಡು ಅಂಶಗಳನ್ನು ಓದಿಕೊಂಡೆ: ಖಾಲಿ ತೂಕ ಮತ್ತು ಒತ್ತಡ ಪರೀಕ್ಷೆಯ ದಿನಾಂಕ. ಈ ಪರೀಕ್ಷೆ ಐದು ವರ್ಷಕ್ಕೊಮ್ಮೆ ಆಗಿರಬೇಕು. ಖಾಲಿ ತೂಕವನ್ನು ಬರೆದಿಟ್ಟುಕೊಳ್ಳುವುದಕ್ಕೆ ಕಾರಣವಿದೆ. ಒಳಗೆ ದ್ರವ ಇರುವವರೆಗೂ ಗೇಜಿನ ಮುಳ್ಳು ಬಿಸಿಲು–ಚಳಿಗೆ ಅನುಗುಣವಾಗಿ ಆಡುತ್ತದೆಯೇ ಹೊರತು ಎಷ್ಟು ಉಳಿದಿದೆ ಎಂಬುದನ್ನು ಹೇಳುವುದಿಲ್ಲ. 20 ಡಿಗ್ರಿಯಲ್ಲಿ 57 ಬಾರ್ ತೋರಿಸುವ ಸಿಲಿಂಡರ್ ತುಂಬಿರಲೂಬಹುದು, ಮುಗಿಯುತ್ತ ಬಂದಿರಲೂಬಹುದು. ಹಾಗಾಗಿ ತೂಗಿ ನೋಡುವುದೊಂದೇ ನಂಬುವಂತಹ ಉಪಾಯ. ಹಳೆಯ ಅಗ್ನಿಶಾಮಕ ಸಿಲಿಂಡರನ್ನು ಬಳಸಬಹುದಲ್ಲ ಎಂದು ಕೇಳುವವರಿದ್ದಾರೆ. ಅದರೊಳಗೆ ತಳದವರೆಗೆ ಇಳಿದ ಕೊಳವೆ ಇರುವುದರಿಂದ ಅನಿಲದ ಬದಲು ದ್ರವವೇ ರೆಗ್ಯುಲೇಟರಿಗೆ (ಒತ್ತಡ ತಗ್ಗಿಸಿ ಅನಿಲ ಬಿಡುವ ಸಾಧನಕ್ಕೆ) ನುಗ್ಗುತ್ತದೆ. ಆ ಯೋಚನೆಯನ್ನು ಕೈಬಿಡುವುದೇ ಸರಿ. ನಮ್ಮ ಸಿಲಿಂಡರನ್ನೂ ಇದೇ ಕಾರಣಕ್ಕೆ ಯಾವಾಗಲೂ ನೆಟ್ಟಗೆ ನಿಲ್ಲಿಸಿ, ಬಿಸಿಲು ತಾಗದ ಗೋಡೆಗೆ ಸರಪಳಿಯಿಂದ ಬಿಗಿದಿದ್ದೇನೆ.

ದ್ರವ ಆವಿಯಾಗುವಾಗ, ಆವಿ ಹಿಗ್ಗುವಾಗ ಶಾಖವನ್ನು ಹೀರುವುದರಿಂದ ಉದ್ದನೆಯ ಬೆಸುಗೆಗಳಲ್ಲಿ ರೆಗ್ಯುಲೇಟರಿನ ಮೇಲೆ ಮಂಜು ಕಟ್ಟಿ ಹರಿವು ತಡವರಿಸುತ್ತದೆ. ಟ್ಯಾಕ್ (ಅಲ್ಲಲ್ಲಿ ಚುಕ್ಕಿ ಬೆಸುಗೆ) ಹಾಕುವ ಕೆಲಸಕ್ಕೆ ತೊಂದರೆಯಿಲ್ಲ. ಉಳಿದದ್ದಕ್ಕೆ ಹೀಟರ್ ಇರುವ ರೆಗ್ಯುಲೇಟರ್ ಒಳ್ಳೆಯದು. ನನ್ನ ಯಂತ್ರದ ಹಿಂಬದಿಯಲ್ಲಿ ಅದಕ್ಕೆಂದೇ 36 ವೋಲ್ಟಿನ ಸಾಕೆಟ್ ಇದೆ. ಅಂತಹ ಹೀಟರನ್ನು ಮನೆಯ 230 ವೋಲ್ಟಿಗೆ ಜೋಡಿಸಬಾರದು. ಗಾಜಿನ ಕೊಳವೆಯಲ್ಲಿ ಗುಂಡು ತೇಲುವ ಫ್ಲೋಮೀಟರನ್ನು ಬಳಸುವವರು ಅದು ಲಂಬವಾಗಿ ನಿಂತಿದೆಯೇ, ಅದರ ಗುರುತುಗಳು ಯಾವ ಅನಿಲಕ್ಕೆ ಹಾಕಿದವು ಎಂಬುದನ್ನು ನೋಡಬೇಕು. ಆರ್ಗಾನಿನ ಅಳತೆ ಇಂಗಾಲದ ಡೈಆಕ್ಸೈಡಿಗೆ ಹೊಂದುವುದಿಲ್ಲ.

ಆದರೂ ರೆಗ್ಯುಲೇಟರ್ ತೋರಿಸಿದಷ್ಟು ಅನಿಲ ಆರ್ಕಿಗೆ (ತಂತಿಯ ತುದಿಯಲ್ಲಿ ಉರಿಯುವ ವಿದ್ಯುತ್ ಜ್ವಾಲೆಗೆ) ತಲುಪುತ್ತದೆಂದು ನಾನು ಭಾವಿಸುವುದಿಲ್ಲ. ಪ್ರತಿಯೊಂದು ಜೋಡಣೆಗೂ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದೆ. ಬಳಿಕ ತಂತಿ ಸಾಗದಂತೆ ರೋಲರಿನ ಬಿಗಿತವನ್ನು ಸಡಿಲಿಸಿ, ಟಾರ್ಚಿನ (ಕೈಯಲ್ಲಿ ಹಿಡಿಯುವ ವೆಲ್ಡಿಂಗ್ ಹಿಡಿಕೆಯ) ಟ್ರಿಗರ್ ಒತ್ತಿ, ಅದರ ತುದಿಯ ನಾಜಲಿನ ಬಾಯಿಗೇ ಹಿಡಿಯುವ ಸಣ್ಣ ಪ್ಲಾಸ್ಟಿಕ್ ಅಳತೆಗೊಳವೆಯಿಂದ ಹರಿವನ್ನು ಅಳೆದೆ. ಅಲ್ಲಿ ನಿಮಿಷಕ್ಕೆ 10ರಿಂದ 12 ಲೀಟರ್ ಬರುವಂತೆ ರೆಗ್ಯುಲೇಟರನ್ನು ಹೊಂದಿಸಿಕೊಂಡೆ. ಬೆಸುಗೆಯಲ್ಲಿ ಸೂಜಿ ಚುಚ್ಚಿದಂತಹ ತೂತುಗಳು ಕಂಡೊಡನೆ ಹರಿವನ್ನು ಏರಿಸುವ ರೂಢಿ ಹಲವರಲ್ಲಿದೆ. ಮಿತಿ ಮೀರಿದ ಹರಿವು ಸುಳಿಯೆಬ್ಬಿಸಿ ಸುತ್ತಲಿನ ಗಾಳಿಯನ್ನೇ ಒಳಗೆಳೆದುಕೊಳ್ಳುವುದರಿಂದ ತೂತುಗಳು ಇನ್ನಷ್ಟು ಹೆಚ್ಚಬಹುದು. ಮೊದಲು ನಾಜಲಿನೊಳಗೆ ಅಂಟಿದ ಹನಿಗಳನ್ನು, ಕಬ್ಬಿಣದ ಮೇಲಿನ ತುಕ್ಕು–ಬಣ್ಣಗಳನ್ನು ತೆಗೆದು, ಫ್ಯಾನ್ ಆರಿಸಿ ನೋಡುವುದು ಲೇಸು.

ಫ್ಯಾನ್ ಆರಿಸಿದ ಶೆಡ್ಡಿನಲ್ಲಿ ಮತ್ತೊಂದು ತೊಡಕಿದೆ. ಇಂಗಾಲದ ಡೈಆಕ್ಸೈಡಿನ ಒಂದಿಷ್ಟು ಭಾಗ ಆರ್ಕಿನ ಶಾಖಕ್ಕೆ ವಿಷಕಾರಿ ಇಂಗಾಲದ ಮೊನಾಕ್ಸೈಡಾಗುತ್ತದೆ, ಜೊತೆಗೆ ಹೊಗೆಯೂ ಇರುತ್ತದೆ. ಸೋರಿದ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ ಮಡುಗಟ್ಟುತ್ತದೆ. ಆದುದರಿಂದ ಕೆಲಸದ ಮೇಜಿನಿಂದ ದೂರದ ಗೋಡೆಯ ಮೇಲ್ಭಾಗದಲ್ಲಿ ಗಾಳಿಯನ್ನು ಹೊರಹಾಕುವ ಎಕ್ಸಾಸ್ಟ್ ಫ್ಯಾನ್ ಕೂರಿಸಿ, ಎದುರಿನ ಬಾಗಿಲನ್ನು ತೆರೆದಿಟ್ಟು, ಬಾಗಿಲಿಗೂ ಮೇಜಿಗೂ ನಡುವೆ ಮೊಣಕಾಲೆತ್ತರದಿಂದ ಮೇಲಕ್ಕೆ ಒಂದು ತಗಡಿನ ಮರೆ ನಿಲ್ಲಿಸಿದ್ದೇನೆ. ಕೆಲಸ ಮುಗಿದ ಮೇಲೆ ಸಿಲಿಂಡರಿನ ವಾಲ್ವನ್ನು ಮುಚ್ಚಿ, ಕೊಳವೆಯಲ್ಲಿ ಉಳಿದ ಅನಿಲವನ್ನು ಟ್ರಿಗರ್ ಒತ್ತಿ ಖಾಲಿ ಮಾಡಿ, ರೆಗ್ಯುಲೇಟರಿನ ತಿರುಪನ್ನು ಸಡಿಲಿಸಿದ ಬಳಿಕವಷ್ಟೇ ಬಾಗಿಲು ಹಾಕುತ್ತೇನೆ.