ಔಷಧಾಲಯದ ತಪಾಸಣೆ: ಕೇಳಿ ಬರೆಯಬೇಡಿ, ನಿಂತು ನೋಡಿ

ಔಷಧಾಲಯದ ತಪಾಸಣೆಗೆ ಹೋದ ಹಲವರು ಗೋಡೆಯ ಮೇಲಿನ ಪರವಾನಗಿಯನ್ನೂ ಒಪ್ಪವಾಗಿ ಜೋಡಿಸಿದ ಕಪಾಟುಗಳನ್ನೂ ನೋಡಿ, ‘ರೋಗಿಗಳಿಗೆ ತಿಳಿವಳಿಕೆ ನೀಡುತ್ತೀರಾ?’ ಎಂದು ಕೇಳಿ, ‘ಹೌದು’ ಎಂಬ ಉತ್ತರವನ್ನು ನಮೂನೆಯಲ್ಲಿ ತುಂಬಿಕೊಂಡು ಹೊರಟುಬಿಡುತ್ತಾರೆ. ಇಂತಹ ತಪಾಸಣೆಯಿಂದ ಔಷಧ ಕೊಳ್ಳುವವರಿಗೆ ಯಾವ ರಕ್ಷಣೆಯೂ ದೊರೆಯುವುದಿಲ್ಲ.

ಪರವಾನಗಿ, ಫಾರ್ಮಸಿಸ್ಟರ ನೋಂದಣಿ, ಹಿಂದಿನ ತಪಾಸಣೆಯ ಷರಾಗಳನ್ನು ಮೊದಲೇ ನೋಡಿ ಮುಗಿಸಿ.

ಬಳಿಕ ಜನ ಹೆಚ್ಚಿರುವ ಹೊತ್ತಿನಲ್ಲಿ, ವ್ಯವಹಾರಕ್ಕೆ ಅಡ್ಡಿಯಾಗದಂತೆ ಕೌಂಟರಿನ ಪಕ್ಕದಲ್ಲಿ ಕನಿಷ್ಠ ಅರ್ಧ ಗಂಟೆ ನಿಲ್ಲಿ; ರೋಗಿಯ ಒಪ್ಪಿಗೆ ಪಡೆದು, ಒಂದೊಂದು ಚೀಟಿಯನ್ನೂ ಅದು ಕೈಗೆ ಬಂದಲ್ಲಿಂದ ಔಷಧ ರೋಗಿಯ ಕೈ ಸೇರುವವರೆಗೆ ಗಮನಿಸಿ. ಚೀಟಿಯನ್ನು ಓದಿದವರು ಯಾರು, ಮಾತ್ರೆಯನ್ನು ತೆಗೆದವರು ಯಾರು, ಕೊಡುವ ಮುನ್ನ ಹೆಸರನ್ನೂ ಪ್ರಮಾಣವನ್ನೂ ಚೀಟಿಯೊಂದಿಗೆ ಮತ್ತೆ ಹೋಲಿಸಿದವರು ಯಾರು? ಹೋಲಿಸುವ ಕೆಲಸವನ್ನು ಇನ್ನೊಬ್ಬರು ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ತಪ್ಪಾಗಿ ಓದಿದವರು ಎರಡನೆಯ ಸಲವೂ ಹಾಗೆಯೇ ಓದುವ ಸಾಧ್ಯತೆ ಹೆಚ್ಚು. ಅಲರ್ಜಿ, ಗರ್ಭಾವಸ್ಥೆ ಮತ್ತು ಈಗಾಗಲೇ ಸೇವಿಸುತ್ತಿರುವ ಔಷಧಗಳ ಬಗ್ಗೆ ವಿಚಾರಿಸಿದರೇ ಎಂಬುದನ್ನೂ ಗುರುತಿಸಿಕೊಳ್ಳಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಸೇವಿಸುವವರು ನೋವಿಗೆಂದು ಐಬುಪ್ರೊಫೆನ್ ಕೇಳಿದಾಗ ಮರುಮಾತಿಲ್ಲದೆ ಕೊಟ್ಟರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಸಂಧಿವಾತಕ್ಕೆ ವಾರಕ್ಕೊಮ್ಮೆ ನುಂಗಬೇಕಾದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ದಿನವೂ ನುಂಗಿದರೆ ಪ್ರಾಣಕ್ಕೇ ಕುತ್ತು ಬರಬಹುದು. ಆದ್ದರಿಂದ ವಾರದ ಯಾವ ದಿನದಂದು ನುಂಗಬೇಕು ಎಂಬುದನ್ನು ಬಾಯಲ್ಲಿ ಹೇಳಿ, ಬರೆದೂ ಕೊಟ್ಟರೇ ಎಂದು ನೋಡಲೇಬೇಕು. ‘ಅರ್ಥವಾಯಿತೇ?’ ಎಂದು ಕೇಳುವುದು ತಿಳಿವಳಿಕೆಯಲ್ಲ. ಹೇಗೆ ಸೇವಿಸುತ್ತೀರಿ ಎಂದು ರೋಗಿಯಿಂದಲೇ ಹೇಳಿಸುವುದು ತಿಳಿವಳಿಕೆ. ಆ ಮಾತು ಸಾಲಿನಲ್ಲಿ ನಿಂತ ಇತರರಿಗೆಲ್ಲ ಕೇಳಿಸುತ್ತಿದ್ದರೆ ಅದನ್ನೂ ನ್ಯೂನತೆಯೆಂದೇ ಬರೆಯಿರಿ.

ಮುಂದೆ ದಾಸ್ತಾನು. ಕಪಾಟಿನ ಹಿಂಬದಿಯಿಂದ ಕೆಲವನ್ನು ನೀವೇ ಆರಿಸಿ ಅವಧಿಯ ದಿನಾಂಕ ನೋಡಿ. ಆ ದಿನಾಂಕವಿರುವ ಭಾಗವನ್ನೇ ಕತ್ತರಿಸಿ ಕೊಟ್ಟಿರುವ ಸ್ಟ್ರಿಪ್‌ಗಳನ್ನು ಒಪ್ಪಲೇಬೇಡಿ. ನಿಯಂತ್ರಿತ ಔಷಧಗಳ (ದುರುಪಯೋಗವಾಗಬಲ್ಲವೆಂದು ಕಟ್ಟುನಿಟ್ಟಾಗಿ ಲೆಕ್ಕವಿಡುವಂಥವು) ವಿಷಯದಲ್ಲಿ ವಹಿಯ ಶಿಲ್ಕನ್ನು ಓದಿದರೆ ಸಾಲದು, ಮಾತ್ರೆಗಳನ್ನು ಎಣಿಸಿ ತಾಳೆ ನೋಡಬೇಕು.

ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ಬಾಗಿಲಿಗೆ ಅಂಟಿಸುವ ಅಗ್ಗದ ಮುಳ್ಳಿನ ಥರ್ಮಾಮೀಟರ್ ಆ ಕ್ಷಣದ ಉಷ್ಣತೆಯನ್ನಷ್ಟೇ ತೋರಿಸುತ್ತದೆ, ರಾತ್ರಿ ಏನಾಯಿತೆಂದು ಹೇಳುವುದಿಲ್ಲ. ಕನಿಷ್ಠ ಮತ್ತು ಗರಿಷ್ಠ ಉಷ್ಣತೆಯನ್ನು ಉಳಿಸಿಕೊಳ್ಳುವ ಉಪಕರಣವನ್ನೇ ಇಡಿಸಿ. ಹಿಂಗೋಡೆಗೆ ತಾಗಿಸಿಟ್ಟ ಇನ್ಸುಲಿನ್ ಹೆಪ್ಪುಗಟ್ಟಬಹುದು, ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಬಳಕೆಗೆ ಬಾರದು. ಉಷ್ಣತೆಯ ದಾಖಲೆಯಲ್ಲಿ ತಿಂಗಳುಗಟ್ಟಲೆ ಒಂದೇ ಅಂಕಿ, ಒಂದೇ ಶಾಯಿ ಕಂಡರೆ, ಅದನ್ನು ಒಟ್ಟಿಗೇ ಕುಳಿತು ತುಂಬಿರಬಹುದೆಂದು ಶಂಕಿಸಿ ವಿಚಾರಿಸಿ.

ಔಷಧ ನೀಡುವಲ್ಲಿ ಆದ ಮತ್ತು ಸ್ವಲ್ಪದರಲ್ಲೇ ತಪ್ಪಿದ ಪ್ರಮಾದಗಳ ಪುಸ್ತಕವನ್ನು ಕೇಳಿ ಪಡೆಯಿರಿ. ದಿನವೂ ನೂರಾರು ಚೀಟಿ ಬರುವಲ್ಲಿ ಅದು ಖಾಲಿಯಿದ್ದರೆ, ತಪ್ಪುಗಳು ಆಗಿಲ್ಲ ಎನ್ನುವುದಕ್ಕಿಂತ ಯಾರೂ ಬರೆಯುತ್ತಿಲ್ಲ ಎಂದು ತಿಳಿಯುವುದೇ ಸರಿ. ಬರೆದವರನ್ನು ಗದರಿಸಬೇಡಿ, ಆ ತಪ್ಪಿನ ನಂತರ ಏನು ಬದಲಾಯಿಸಿದರೆಂದು ಕೇಳಿ.

ವರದಿಯನ್ನು ಕಚೇರಿಗೆ ಹೋಗಿ ಬರೆಯುವ ಬದಲು ಫಾರ್ಮಸಿಸ್ಟರ ಎದುರಿನಲ್ಲೇ ಬರೆದು, ಪ್ರತಿ ನ್ಯೂನತೆಗೂ ಸರಿಪಡಿಸುವ ಗಡುವನ್ನು ನಮೂದಿಸಿ. ಅವಧಿ ಮೀರಿದ ಔಷಧವನ್ನು ಮಾತ್ರ ನೀವು ಹೊರಡುವ ಮುನ್ನವೇ ಮಾರಾಟದ ಕಪಾಟಿನಿಂದ ತೆಗೆಸಿ, ಬೇರೆಯಾಗಿ ಇಡಿಸಿ.